‘ಇಲ್ಲ’ ಎಂಬುದೂ ಒಂದು ಪದ

ನಾನು ಬಿ.ಸಿ.ಎ. ಮುಗಿಸಿ ಆಮೇಲೆ ಕನ್ನಡ ಎಂ.ಎ.ಗೆ ಬಂದವಳು. ಹೀಗಾಗಿ ನಮ್ಮ ವಿಭಾಗದಲ್ಲಿ ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ, ಪ್ರೊಜೆಕ್ಟರ್ ಹತ್ತದಿದ್ದರೂ ನನ್ನನ್ನೇ ಕರೆಯುತ್ತಾರೆ. ಕಳೆದ ವರ್ಷ ವಿಭಾಗದ ಜನಪದ ಧ್ವನಿಮುದ್ರಣಗಳಿಗೆ ಒಂದು ವೆಬ್‌ಸೈಟ್ ಮಾಡಬೇಕೆಂಬ ಮಾತು ಬಂದಾಗ ಅದೂ ಸಹಜವಾಗಿ ನನ್ನ ತಲೆಗೆ ಬಂತು. ಒಟ್ಟು 212 ಮುದ್ರಣಗಳು. ಬೀಸುವ ಪದ, ಸೋಬಾನೆ, ಲಾವಣಿ, ಜೊತೆಗೆ ನನ್ನ ಸಂಶೋಧನೆಯ ವಿಷಯವಾದ ಶೋಕದ ಹಾಡುಗಳು. ನನಗಿಂತ ಮೊದಲಿನ ಇಬ್ಬರು ಸೀನಿಯರ್‌ಗಳು ಮತ್ತು ನಾನು ಏಳೆಂಟು ವರ್ಷಗಳಲ್ಲಿ ಊರೂರು ತಿರುಗಿ ಕೂಡಿಹಾಕಿದ್ದು. ಎಲ್ಲದರ ವಿವರ ಒಂದೇ ಸ್ಪ್ರೆಡ್‌ಶೀಟಿನಲ್ಲಿತ್ತು: ಊರು, ತಾರೀಖು, ಹಾಡಿನ ಬಗೆ, ಹಾಡಿದವರು, ಮತ್ತು ಕೊನೆಯ ಕಾಲಮ್ಮಿನಲ್ಲಿ ‘ಸಾರ್ವಜನಿಕಗೊಳಿಸಲು ಒಪ್ಪಿಗೆ’. ಆ ಕಾಲಮ್ಮಿನಲ್ಲಿ 163 ಕಡೆ ‘ಹೌದು’ ಎಂದಿತ್ತು, 31 ಕಡೆ ‘ಇಲ್ಲ’ ಎಂದಿತ್ತು. 18 ಮನೆಗಳು ಖಾಲಿ. ಅಂದರೆ ಕೇಳಲು ಮರೆತಿದ್ದೋ, ಕೇಳುವಷ್ಟರಲ್ಲಿ ಬಸ್ಸಿನ ಹೊತ್ತಾಗಿದ್ದೋ.

ಉದ್ಘಾಟನೆಯ ಹಿಂದಿನ ರಾತ್ರಿ ಹನ್ನೊಂದೂವರೆಗೆ ಹಾಸ್ಟೆಲಿನ ಕೋಣೆಯಲ್ಲಿ ಕೂತು ಸೈಟನ್ನು ಸರ್ವರ್‌ಗೆ ಏರಿಸಲು ಹೊರಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವಾರಗಳಿಂದ ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅಲ್ಲಿ ಓಡುವುದಕ್ಕೂ ಸರ್ವರ್‌ಗೆ ಏರುವುದಕ್ಕೂ ವ್ಯತ್ಯಾಸವಿದೆ. ನಾನು ಬಳಸುತ್ತಿದ್ದ ನೆಕ್ಸ್ಟ್ ಜೆಎಸ್ ಎಂಬ ಚೌಕಟ್ಟು, ನೀವು ಕೋಡ್ ಬರೆಯುತ್ತ ಪ್ರಯೋಗ ಮಾಡುವಾಗ ಟೈಪುಗಳ ತಪಾಸಣೆ ಮಾಡುವುದಿಲ್ಲ. ಬರೆದದ್ದನ್ನು ಹಾಗೇ ಓಡಿಸಿ ತೋರಿಸುತ್ತದೆ. ಡಿಪ್ಲಾಯ್ ಮಾಡಲು ‘ಬಿಲ್ಡ್’ ಎಂದಾಗಲೇ ಅದು ಪ್ರತಿ ಸಾಲನ್ನೂ ನೋಡುವುದು, ಹೊಂದದ್ದನ್ನು ಕಂಡು ಅಲ್ಲೇ ನಿಲ್ಲುವುದು. ನನ್ನದೂ ನಿಂತಿತು. ಕೆಂಪಕ್ಷರದಲ್ಲಿ ಬಂದ ಸಂದೇಶದ ಅರ್ಥ ಇಷ್ಟೇ: ‘ಸ್ಟ್ರಿಂಗ್’ ಎಂಬ ಟೈಪನ್ನು ‘ಬೂಲಿಯನ್’ ಎಂಬ ಟೈಪಿಗೆ ಕೊಡಲು ಬರುವುದಿಲ್ಲ.

ಕಂಪ್ಯೂಟರಿನ ಪರಿಚಯವಿಲ್ಲದವರಿಗೆ ಎರಡು ಮಾತು. ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು, ಒಂದು ಪದವೋ ವಾಕ್ಯವೋ. ಬೂಲಿಯನ್ ಎಂದರೆ ನಿಜ ಅಥವಾ ಸುಳ್ಳು, ಎರಡರಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಜಾರ್ಜ್ ಬೂಲ್‌ನ ಹೆಸರಿನಿಂದ ಬಂದದ್ದು. ಒಪ್ಪಿಗೆ ಎನ್ನುವುದು ನಿಜ-ಸುಳ್ಳು ಎಂದು ನಾನು ಕೋಡಿನಲ್ಲಿ ಘೋಷಿಸಿದ್ದೆ. ಆದರೆ ಸ್ಪ್ರೆಡ್‌ಶೀಟಿನಿಂದ ಬರುತ್ತಿದ್ದುದು ಅಕ್ಷರಗಳು. ಎರಡೂ ಬೇರೆ ಜಾತಿಯವು, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬೇಡ ಎಂದು ಅದು ಹೇಳುತ್ತಿತ್ತು. ಹೊಸ ಮಾತೇನೂ ಅಲ್ಲ. ಎಡಿಟರಿನಲ್ಲಿ ಅದೇ ಸಾಲಿನ ಕೆಳಗೆ ಕೆಂಪು ಗೆರೆ ಎರಡು ವಾರಗಳಿಂದಲೂ ಇತ್ತು. ಆದರೆ ಕನ್ನಡದಲ್ಲಿ ಟೈಪ್ ಮಾಡುವವರ ಕಣ್ಣು ಕೆಂಪು ಗೆರೆಗೆ ಎಂದೋ ಒಗ್ಗಿಹೋಗಿರುತ್ತದೆ. ಇಂಗ್ಲಿಷ್ ಕಾಗುಣಿತದ ಯಂತ್ರ ನಮ್ಮ ಪ್ರತಿ ಪದವನ್ನೂ ತಪ್ಪೆನ್ನುತ್ತದೆ, ನಾವು ಪುಟಗಟ್ಟಲೆ ಕೆಂಪು ಗೆರೆಗಳ ಮೇಲೆಯೇ ಪ್ರಬಂಧ ಬರೆಯುತ್ತೇವೆ. (ಇದನ್ನು ನೆಪವಾಗಿ ಹೇಳುತ್ತಿಲ್ಲ. ಸ್ವಲ್ಪ ನೆಪವೂ ಹೌದು.)

ಟೈಪ್‌ಸ್ಕ್ರಿಪ್ಟಿನಲ್ಲಿ ಇಂಥ ಕಡೆ ಬಾಯಿ ಮುಚ್ಚಿಸಲು ಎರಡು ಪುಟ್ಟ ಪದಗಳಿವೆ: ‘ಆ್ಯಸ್ ಎನಿ’. ‘ಇದನ್ನು ಏನು ಬೇಕಾದರೂ ಆಗಿರಬಹುದಾದ ವಸ್ತು ಎಂದುಕೋ’ ಎಂಬರ್ಥ. ಅದನ್ನು ಸೇರಿಸಿದ ಕೂಡಲೆ ಆ ಸಾಲಿಗೆ ತಪಾಸಣೆ ನಿಲ್ಲುತ್ತದೆ. ನಾನು ಸೇರಿಸಿದೆ. ಬಿಲ್ಡ್ ಆಯಿತು, ಹಸಿರು ಗುರುತು ಬಂತು, ಮಲಗಿದೆ.

ಮಾರನೆಯ ದಿನ ಸಭೆಯಲ್ಲಿ ನಮ್ಮ ಮೇಡಂ ಮಾತಾಡುತ್ತ, ಪರದೆಯ ಮೇಲಿದ್ದ ಮುಖಪುಟ ನೋಡಿ ಸಂತೋಷದಿಂದ “ನೂರ ತೊಂಬತ್ತನಾಲ್ಕು ಹಾಡುಗಳು ಇವತ್ತಿನಿಂದ ಲೋಕಕ್ಕೆ ಸೇರಿದವು” ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟುತ್ತಿರುವಾಗಲೇ, ನೂರ ಅರವತ್ತಮೂರು ಇರಬೇಕಿತ್ತಲ್ಲ ಎನಿಸಿತು.

ಜಾವಾಸ್ಕ್ರಿಪ್ಟಿಗೆ ಒಂದು ಸ್ವಭಾವವಿದೆ. ನಿಜವೋ ಸುಳ್ಳೋ ಎಂದು ಕೇಳುವ ಜಾಗದಲ್ಲಿ ನೀವು ಅಕ್ಷರಗಳನ್ನು ಇಟ್ಟರೆ ಅದು ತಕರಾರು ಮಾಡುವುದಿಲ್ಲ, ತಾನೇ ಊಹಿಸಿಕೊಳ್ಳುತ್ತದೆ. ಖಾಲಿ ಸ್ಟ್ರಿಂಗ್ ಆದರೆ ಸುಳ್ಳು. ಒಂದಾದರೂ ಅಕ್ಷರವಿದ್ದರೆ ನಿಜ. ‘ಹೌದು’ ಎಂಬಲ್ಲಿ ಅಕ್ಷರಗಳಿವೆ, ಆದ್ದರಿಂದ ನಿಜ. ‘ಇಲ್ಲ’ ಎಂಬಲ್ಲೂ ಅಕ್ಷರಗಳಿವೆ. ಒತ್ತಕ್ಷರ ಬಿಡಿಸಿ ಎಣಿಸುವ ಯಂತ್ರದ ಲೆಕ್ಕದಲ್ಲಿ ನಾಲ್ಕು. ಆದ್ದರಿಂದ ಅದೂ ನಿಜ. ಖಾಲಿ ಬಿಟ್ಟಿದ್ದ ಹದಿನೆಂಟು ಮುದ್ರಣಗಳು, ಅಂದರೆ ನಾವು ಒಪ್ಪಿಗೆ ಕೇಳುವ ಸೌಜನ್ಯವನ್ನೇ ತೋರದಿದ್ದವು, ಸುರಕ್ಷಿತವಾಗಿ ಒಳಗೆ ಉಳಿದವು. ಬಾಯಿಬಿಟ್ಟು ಬೇಡ ಎಂದಿದ್ದ ಮೂವತ್ತೊಂದು ಹೊರಗೆ ಬಂದವು. ಬೇಡ ಎಂದದ್ದೇ ಅವುಗಳನ್ನು ಹೊರಗೆ ತಂದಿತು. ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದವು.

ಇದೆಲ್ಲ ನನಗೆ ಹೊಳೆದಾಗ ಹನ್ನೊಂದು ಇಪ್ಪತ್ತು. ಸೈಟನ್ನು ಕೆಳಗಿಳಿಸಿದ್ದು ಹನ್ನೆರಡು ಇಪ್ಪತ್ತಕ್ಕೆ. ನಡುವಿನ ಒಂದು ಗಂಟೆ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಲ್ಯಾಪ್‌ಟಾಪು ನನ್ನ ಕಾಲ ಬಳಿಯ ಚೀಲದಲ್ಲಿತ್ತು. ಅತಿಥಿಗಳು ಪರದೆಯ ಮೇಲೆ ಒಂದೊಂದೇ ಹಾಡು ಒತ್ತಿ ನೋಡುತ್ತಿರುವಾಗ ಸೈಟು ಮಾಯವಾದರೆ ಮೇಡಂಗೆ ಹೇಗಾದೀತು ಎಂದು ಯೋಚಿಸಿದೆ ಎಂದು ಬರೆಯಬಹುದು. ನಿಜವಾಗಿ ಯೋಚಿಸಿದ್ದು ನನಗೆ ಹೇಗಾದೀತು ಎಂದು.

ಈ ಇಡೀ ಪ್ರಸಂಗದಲ್ಲಿ ತಪ್ಪು ಎಲ್ಲಿದೆ ಎಂಬುದು ಆವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಆ ಒಂದು ಗಂಟೆಯ ತಪ್ಪು ಸರಳವಾದದ್ದು: ಗೊತ್ತಿದ್ದೂ ಮಾಡಲಿಲ್ಲ, ಹೇಡಿತನ, ಅಷ್ಟೆ. ಹಿಂದಿನ ರಾತ್ರಿಯದು ಅಷ್ಟು ಸರಳವಲ್ಲ. ಏಕೆಂದರೆ ಆಗ ನನಗೆ ಏನೂ ಗೊತ್ತಿರಲಿಲ್ಲ. ಕೇಡಿನ ಉದ್ದೇಶವಂತೂ ಇರಲೇ ಇಲ್ಲ. ‘ಇಲ್ಲ’ ಎಂದವರ ಹಾಡು ಹೊರಗೆ ಹೋಗಬಾರದೆಂದೇ ಆ ಸಾಲನ್ನು ಬರೆದದ್ದು. ಗೊತ್ತಿಲ್ಲದೆ ಮಾಡಿದ್ದಕ್ಕೆ ಹೊಣೆ ಉಂಟೆ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳತಿಗೆ ಫೋನ್ ಮಾಡಿದಾಗ ಅವಳು ನಕ್ಕಳು. “ಲೇ, ಡಿಪ್ಲಾಯ್ ಮಾಡೋ ರಾತ್ರಿ ಎಲ್ಲರೂ ಹಾಗೇ ಮಾಡ್ತಾರೆ ಕಣೇ. ನಮ್ಮ ಕೋಡಲ್ಲಿ ಹುಡುಕಿದ್ರೆ ಸಾವಿರ ಸಿಗತ್ತೆ. ಚೆಕ್ಕರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ.” ಅವಳ ಕೊನೆಯ ಮಾತು ಸರಿ. ಟೈಪ್ ತಪಾಸಕ ಅತಿ ಎಚ್ಚರದ ಪ್ರಾಣಿ. ಸರಿಯಾಗಿ ಓಡುವ ಕೋಡನ್ನೂ ಕೆಲವೊಮ್ಮೆ ತಡೆಯುತ್ತದೆ. ಅದಕ್ಕೆ ಗೊತ್ತಾಗದ ಸಂಗತಿ ಬರೆದವನಿಗೆ ಗೊತ್ತಿರಬಹುದು. ಆಗ ‘ನನ್ನನ್ನು ನಂಬು’ ಎಂದು ಅದನ್ನು ದಾಟುವುದರಲ್ಲಿ ಅಪ್ರಾಮಾಣಿಕತೆ ಇಲ್ಲ. ನನ್ನ ತೊಂದರೆ ಬೇರೆ. ನನಗೆ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಹೇಳಿದೆ.

1996ರ ಜೂನ್ 4ರಂದು ಯುರೋಪಿನ ಅರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ ಮೂವತ್ತೇಳು ಸೆಕೆಂಡಿನ ಹೊತ್ತಿಗೆ ದಾರಿ ತಪ್ಪಿ ಸಿಡಿದು ಮುಗಿದ ಕಥೆಯನ್ನು ಬಿ.ಸಿ.ಎ.ಯಲ್ಲಿ ಓದಿದ್ದೆ. ಅರವತ್ತನಾಲ್ಕು ಬಿಟ್‌ಗಳ ಒಂದು ಸಂಖ್ಯೆಯನ್ನು ಹದಿನಾರು ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸಲಿಲ್ಲ. ಆ ಕೋಡು ಅರಿಯಾನ್ 4ರಿಂದ ಎತ್ತಿಕೊಂಡದ್ದು. ಹೀಗೆ ಅಪಾಯವಿದ್ದ ಏಳು ಬೆಲೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು, ಮೂರಕ್ಕೆ ಇರಲಿಲ್ಲ. ಮರೆತು ಬಿಟ್ಟದ್ದಲ್ಲ. ಕಂಪ್ಯೂಟರಿನ ಮೇಲಿನ ಹೊರೆ ತಗ್ಗಿಸಲು, ಆ ಮೂರು ಅಷ್ಟು ದೊಡ್ಡದಾಗಲಾರವು ಎಂದು ವಿಚಾರ ಮಾಡಿಯೇ ಬಿಟ್ಟದ್ದು. ಹಳೆಯ ರಾಕೆಟ್ಟಿಗೆ ಆ ವಿಚಾರ ಸರಿಯೂ ಆಗಿತ್ತು. ಆ ಇಂಜಿನಿಯರುಗಳ ಮೇಲೆ ನನಗೆ ಈಗ ಗೌರವ ಹೆಚ್ಚಾಗಿದೆ. ತಪ್ಪಿದರೂ ಅವರ ಹತ್ತಿರ ಕಾರಣವಿತ್ತು. ನನ್ನ ಹತ್ತಿರ ಇದ್ದದ್ದು ನಿದ್ದೆ.

ನನ್ನ ಪ್ರಶ್ನೆಗೆ ಹತ್ತಿರವಾಗಿ ಬಂದವನು ಡಬ್ಲ್ಯು. ಕೆ. ಕ್ಲಿಫರ್ಡ್. ಅವನೂ ಗಣಿತಜ್ಞನೇ. 1877ರಲ್ಲಿ ‘ನಂಬಿಕೆಯ ನೀತಿ’ಯ ಬಗ್ಗೆ ಅವನು ಬರೆದ ಪ್ರಬಂಧ ಒಬ್ಬ ಹಡಗಿನ ಯಜಮಾನನ ಕಥೆಯಿಂದ ಶುರುವಾಗುತ್ತದೆ. ಹಡಗು ಹಳತು, ಹಲವು ಸಲ ದುರಸ್ತಿ ಕಂಡದ್ದು. ಅದರಲ್ಲಿ ಹೊಸ ನಾಡಿಗೆ ವಲಸೆ ಹೊರಟ ಸಂಸಾರಗಳು ಹತ್ತಬೇಕು. ಯಜಮಾನನಿಗೆ ಒಳಗೊಳಗೆ ಅನುಮಾನ ಬರುತ್ತದೆ. ಪೂರ್ತಿ ಬಿಚ್ಚಿ ನೋಡಿಸಬೇಕೇನೋ, ಅದಕ್ಕೆ ದುಡ್ಡು ಬೇಕು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ: ಇಷ್ಟು ಬಿರುಗಾಳಿ ದಾಟಿದ್ದು ಇದನ್ನೂ ದಾಟುತ್ತದೆ, ದೇವರಿದ್ದಾನೆ. ಹೀಗೆ ಮನಸ್ಸಿನಿಂದ ಅನುಮಾನವನ್ನು ಓಡಿಸಿ, ಹಡಗು ಗಟ್ಟಿಯಿದೆ ಎಂದು ಪ್ರಾಮಾಣಿಕವಾಗಿಯೇ ನಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ವಿಮೆಯ ಹಣ ಪಡೆಯುತ್ತಾನೆ.

ಅವನು ಸುಳ್ಳು ಹೇಳಲಿಲ್ಲ, ನಿಜಕ್ಕೂ ನಂಬಿದ್ದ. ಆದರೂ ಕ್ಲಿಫರ್ಡ್ ಪ್ರಕಾರ ಆ ಸಾವುಗಳಿಗೆ ಅವನೇ ಹೊಣೆ. ಏಕೆಂದರೆ ಆ ನಂಬಿಕೆಗೆ ಅವನಿಗೆ ಹಕ್ಕಿರಲಿಲ್ಲ. ಅದು ಪರೀಕ್ಷೆಯಿಂದ ಬಂದದ್ದಲ್ಲ, ಅನುಮಾನದ ಕುತ್ತಿಗೆ ಹಿಸುಕಿ ಪಡೆದದ್ದು. ಹಡಗು ಮುಳುಗದೆ ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಆ ರಾತ್ರಿ ಹನ್ನೊಂದೂವರೆಗೇ ನನ್ನ ತಪ್ಪು ಮುಗಿದಿತ್ತು, ಮಾರನೆಯ ದಿನ ಆದದ್ದೆಲ್ಲ ಅದರ ಸುದ್ದಿ ಮಾತ್ರ ಎಂದಾಯಿತು. ಇದನ್ನು ಪೂರ್ತಿ ಒಪ್ಪಲು ನನಗೆ ಕಷ್ಟ. ಮುಳುಗಿದ ಹಡಗಿಗೂ ಮುಳುಗದ ಹಡಗಿಗೂ ಸಮುದ್ರದಲ್ಲಿದ್ದವರ ಪಾಲಿಗೆ ವ್ಯತ್ಯಾಸವಿದೆಯಲ್ಲ. ಆದರೆ ‘ಗೊತ್ತಿರಲಿಲ್ಲ’ ಎಂಬ ನನ್ನ ಸಮರ್ಥನೆಯನ್ನು ಮಾತ್ರ ಕ್ಲಿಫರ್ಡ್ ಕಿತ್ತುಕೊಂಡ. ಗೊತ್ತಿಲ್ಲದಿರುವುದನ್ನು ನಾನೇ ಆರಿಸಿಕೊಂಡಿದ್ದೆ.

ಟೈಪ್‌ಸ್ಕ್ರಿಪ್ಟ್ ಮಾಡಿದವರಿಗೂ ಈ ಭೇದ ಹೊಳೆದಿರಬೇಕು. 2012ರಲ್ಲಿ ಆ ಭಾಷೆ ಹೊರಬಂದಾಗಿನಿಂದ ‘ಎನಿ’ ಇತ್ತು. 2018ರಲ್ಲಿ ಅದರ ಮೂರನೆಯ ಆವೃತ್ತಿಗೆ ‘ಅನ್‌ನೋನ್’ ಎಂಬ ಇನ್ನೊಂದು ಟೈಪನ್ನು ಸೇರಿಸಿದರು. ಎರಡೂ ಅಜ್ಞಾನದ ಹೆಸರುಗಳೇ. ಒಳಗೆ ಏನಿದೆಯೋ ಎಂದು ಎರಡಕ್ಕೂ ತಿಳಿಯದು. ಆದರೆ ‘ಎನಿ’ ಎಂದರೆ ‘ಏನಾದರೂ ಆಗಲಿ, ಹೋಗು’. ‘ಅನ್‌ನೋನ್’ ಎಂದರೆ ‘ಗೊತ್ತಿಲ್ಲ, ಆದ್ದರಿಂದ ನೋಡದೆ ಮುಟ್ಟಬೇಡ’. ಎರಡನೆಯದನ್ನು ಬರೆದಿದ್ದರೆ, ಅದರೊಳಗೆ ಇರುವುದು ‘ಹೌದು’ ಎಂಬ ಪದವೇ ಎಂದು ಹೋಲಿಸಿ ನೋಡುವವರೆಗೂ ತಪಾಸಕ ನನ್ನನ್ನು ಮುಂದೆ ಬಿಡುತ್ತಿರಲಿಲ್ಲ. ಒಂದೇ ಸಾಲು, ಅರ್ಧ ನಿಮಿಷದ ಕೆಲಸ.

ಆ ಸಾಲನ್ನು ಆವತ್ತು ಮಧ್ಯಾಹ್ನವೇ ಬರೆದೆ. ಲೆಕ್ಕ ನೂರ ಅರವತ್ತಮೂರಕ್ಕೆ ಇಳಿಯಿತು. ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಶೋಕದ ಹಾಡುಗಳ ಬಗ್ಗೆ ಅಧ್ಯಾಯ ಬರೆಯುತ್ತ ನನ್ನ ಕ್ಷೇತ್ರಕಾರ್ಯದ ನೋಟ್‌ಬುಕ್ ತೆರೆದಾಗ ಇನ್ನೊಂದು ವಿಷಯ ಕಂಡಿತು. ಆ ಮೂವತ್ತೊಂದರಲ್ಲಿ ಒಂದು, ಧಾರವಾಡದಿಂದ ಎರಡು ಬಸ್ ಬದಲಿಸಿ ಹೋಗುವ ಊರಿನ ಒಬ್ಬ ಆಯಿಯದು. ಬಾವಿಗೆ ಬಿದ್ದು ಸತ್ತ ಮಗನ ಮೇಲೆ ಅವರೇ ಕಟ್ಟಿಕೊಂಡ ಹಾಡು. ಸ್ಪ್ರೆಡ್‌ಶೀಟಿನಲ್ಲಿ ‘ಇಲ್ಲ’ ಎಂದಿತ್ತು. ನೋಟ್‌ಬುಕ್ಕಿನಲ್ಲಿ ನನ್ನದೇ ಕೈಬರಹದಲ್ಲಿ ಅವರ ಮಾತು ಹೀಗಿತ್ತು: “ನೀ ಕೇಳು, ಬರಕೋ. ಮೊಬೈಲನ್ಯಾಗ ಬರೂದು ಬ್ಯಾಡ. ನಮ್ಮ ಸ್ವಸಿ ಕೇಳಬಾರದು. ನಾ ಹ್ವಾದ ಮ್ಯಾಲ ಏನರ ಮಾಡ್ಕೋ.”

ಇದು ‘ಇಲ್ಲ’ವೆ?

ಕನ್ನಡದಲ್ಲಿ ನಿರಾಕರಣೆಗೆ ಒಂದೇ ಪದವಿಲ್ಲ. ‘ಅಲ್ಲ’ ಬೇರೆ, ‘ಇಲ್ಲ’ ಬೇರೆ, ‘ಬೇಡ’ ಬೇರೆ, ‘ಒಲ್ಲೆ’ ಬೇರೆ. ಇದು ಹಾವಲ್ಲ ಎಂದರೆ ಇದು ಇನ್ನೇನೋ ಆಗಿದೆ ಎಂದು. ಇಲ್ಲಿ ಹಾವಿಲ್ಲ ಎಂದರೆ ಈ ಜಾಗದಲ್ಲಿ ಅದರ ಇರವಿಲ್ಲ ಎಂದು. ನಮ್ಮ ನೈಯಾಯಿಕರು ಈ ಭೇದವನ್ನು ಬಹಳ ತಿದ್ದಿ ತೀಡಿದ್ದಾರೆ. ಕಣಾದನ ಸೂತ್ರಗಳು ಎಣಿಸುವುದು ಆರು ಪದಾರ್ಥ. ಮುಂದಿನವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಅಂದರೆ ಇಲ್ಲದಿರುವುದೂ ಲೋಕದಲ್ಲಿ ಲೆಕ್ಕಕ್ಕೆ ಬರುವ ಸಂಗತಿಯೇ. ಆ ಅಭಾವಕ್ಕೂ ಬಗೆಗಳಿವೆ. ಹಾವಲ್ಲ ಎಂಬುದು ಅನ್ಯೋನ್ಯಾಭಾವ. ಗಾಳಿಯಲ್ಲಿ ಬಣ್ಣವಿಲ್ಲ ಎಂಬುದು ಅತ್ಯಂತಾಭಾವ. ಮಡಕೆ ಇನ್ನೂ ಆಗಿಲ್ಲ, ಮುಂದೆ ಆದೀತು ಎಂಬುದು ಪ್ರಾಗಭಾವ. ಇದ್ದ ಮಡಕೆ ಒಡೆದುಹೋಯಿತು ಎಂಬುದು ಪ್ರಧ್ವಂಸಾಭಾವ. ನಮ್ಮ ಹದಿನೆಂಟು ಖಾಲಿ ಮನೆಗಳನ್ನು ಪ್ರಾಗಭಾವ ಎನ್ನಬಹುದು, ಹುಟ್ಟಬಹುದಾದ ಒಪ್ಪಿಗೆ ಇನ್ನೂ ಹುಟ್ಟಿಲ್ಲ. ಆದರೆ ಆಯಿಯ ‘ಬ್ಯಾಡ’ವನ್ನು ಎಲ್ಲಿಡುವುದು? ನಾಲ್ಕರಲ್ಲಿ ಎಲ್ಲೂ ಅದು ಕೂರುವುದಿಲ್ಲ. ಏಕೆಂದರೆ ‘ಬೇಡ’ ಎಂಬುದು ಯಾವುದರ ಗೈರುಹಾಜರಿಯ ವರ್ಣನೆಯೂ ಅಲ್ಲ. ಅದೊಂದು ಕ್ರಿಯೆ. ಒಬ್ಬರು ಕೈ ಅಡ್ಡ ಹಿಡಿದದ್ದು. ನಾನು ಕೈ ಅಡ್ಡ ಹಿಡಿದದ್ದನ್ನು ‘ಒಪ್ಪಿಗೆ: ಇಲ್ಲ’ ಎಂದು, ಮನೆಯಲ್ಲಿ ಸಕ್ಕರೆ ಇಲ್ಲ ಎನ್ನುವ ಹಾಗೆ, ಒಂದು ಕೊರತೆಯಾಗಿ ಬರೆದಿಟ್ಟಿದ್ದೆ.

ಬರ್ಟ್ರಂಡ್ ರಸೆಲ್ 1901ರಲ್ಲಿ ತನ್ನನ್ನು ತಾನೇ ಒಳಗೊಳ್ಳದ ಗಣಗಳ ಗಣ ಎಂಬ ಒಗಟಿಗೆ ಸಿಕ್ಕಿಬಿದ್ದ. 1908ರಲ್ಲಿ ಟೈಪುಗಳ ಸಿದ್ಧಾಂತವನ್ನು ವಿವರವಾಗಿ ಪ್ರಕಟಿಸಿದ. ಇಂದಿನ ಕೋಡಿನ ಟೈಪುಗಳ ದೂರದ ಅಜ್ಜ ಅದು. ಅದರ ಹೊಳಹು ಇಷ್ಟು: ಕೆಲವು ವಾಕ್ಯಗಳು ಸುಳ್ಳಲ್ಲ, ಅರ್ಥವೇ ಇಲ್ಲದವು. ತಪ್ಪು ಉತ್ತರ ಬೇರೆ, ಕೇಳಬಾರದ ಪ್ರಶ್ನೆ ಬೇರೆ. ಆಯಿಯ ಮಾತು ನಿಜವೋ ಸುಳ್ಳೋ ಎಂದು ಕೇಳುವುದು ಹಾಗೆ ಕೇಳಬಾರದ ಪ್ರಶ್ನೆ. ಅದರಲ್ಲಿ ಒಂದು ಒಪ್ಪಿಗೆ ಇದೆ (ನೀ ಕೇಳು), ಒಂದು ನಿಷೇಧ ಇದೆ, ಒಬ್ಬ ಸೊಸೆ ಇದ್ದಾಳೆ, ಒಂದು ಸಾವಿನವರೆಗಿನ ಗಡುವಿದೆ. ಅಂದ ಮೇಲೆ ಟೈಪಿನ ತಪ್ಪು ಆದದ್ದು ಆ ರಾತ್ರಿಯಲ್ಲ. ಎರಡು ವರ್ಷ ಹಿಂದೆ ನೋಟ್‌ಬುಕ್ಕಿನಿಂದ ಸ್ಪ್ರೆಡ್‌ಶೀಟಿಗೆ ಇಳಿಸುತ್ತ, ನಾಲ್ಕು ವಾಕ್ಯ ಓದಿ ಒಂದು ಪದ ಒತ್ತಿದೆನಲ್ಲ, ಆಗ. ಆಗ ಯಾವ ತಪಾಸಕವೂ ಕೆಂಪು ಗೆರೆ ಎಳೆಯಲಿಲ್ಲ. ಆ ರಾತ್ರಿ ಯಂತ್ರ ‘ಇದು ನಿಜ-ಸುಳ್ಳಲ್ಲ, ಇದು ಮಾತು’ ಎಂದಾಗ, ತನಗೆ ತಿಳಿಯದೆಯೇ ಅದು ನನಗಿಂತ ಸರಿಯಾದದ್ದನ್ನು ಹೇಳುತ್ತಿತ್ತು.

ಇದನ್ನು ಯಂತ್ರಸ್ತುತಿ ಎಂದು ಓದಬೇಡಿ. ಟೈಪುಗಳು ಕೋಡ್ ಓಡುವ ಹೊತ್ತಿಗೆ ಅಳಿಸಿಹೋಗಿರುತ್ತವೆ. ಟೈಪ್‌ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟ್ ಆಗಿ ಇಳಿದ ಮೇಲೆ ಕಾವಲುಗಾರ ಇರುವುದಿಲ್ಲ. ಅಲ್ಲದೆ ಸ್ಪ್ರೆಡ್‌ಶೀಟಿನಲ್ಲಿ ನಾನು ‘ಇಲ್ಲ’ದ ಬದಲು ತಪ್ಪಿ ‘ಹೌದು’ ಎಂದು ಒತ್ತಿದ್ದರೆ ಯಾವ ಟೈಪೂ ಹಿಡಿಯುತ್ತಿರಲಿಲ್ಲ. ಅದಕ್ಕೆ ಬಗೆ ಗೊತ್ತು, ಸತ್ಯ ಗೊತ್ತಿಲ್ಲ.

ಆಯಿಗೆ ಹೇಳಬೇಕೆ ಎಂಬುದು ಉಳಿಯಿತು. ಮೇಡಂಗೆ ಆವತ್ತೇ ಸಂಜೆ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳಿ ಅವರಿಗೆ ನೋವು ಕೊಡೋದರಿಂದ ಯಾರಿಗೆ ಹಗುರ ಆಗುತ್ತೆ, ಅವರಿಗೋ ನಿನಗೋ ಅಂತ ಯೋಚನೆ ಮಾಡು” ಎಂದರು. ಒಳ್ಳೆಯ ಪ್ರಶ್ನೆ. ಎರಡು ವಾರ ಅದನ್ನೇ ನೆಪ ಮಾಡಿಕೊಂಡೆ. ಸರ್ವರ್ ಲಾಗ್ ನೋಡಿದೆ. ಆ ಎರಡು ಗಂಟೆಯಲ್ಲಿ ಅವರ ಹಾಡಿನ ಫೈಲನ್ನು ಮೂರು ಸಲ ಯಾರೋ ತೆರೆದಿದ್ದರು. ಸಭೆಯಲ್ಲಿದ್ದವರೇ ಇರಬಹುದು. ಸೊಸೆಯ ಕಿವಿಗೆ ಬಿದ್ದಿರುವ ಸಾಧ್ಯತೆ ಬಹಳ ಕಡಿಮೆ. ಹೀಗೆ ಸಾಧ್ಯತೆಗಳನ್ನು ಎಣಿಸುತ್ತ ಕೂತಾಗಲೇ ಹಡಗಿನ ಯಜಮಾನ ನೆನಪಾದ. ಇದೂ ಅದೇ ಸಮಾಧಾನವಲ್ಲವೆ? ಅಲ್ಲದೆ ಆ ನಿಷೇಧ ಅವರದು. ಅದು ಮುರಿದದ್ದು ಗೊತ್ತಾಗಬೇಕಾದ್ದೂ ಅವರಿಗೇ. ಅವರಿಗೆ ನೋವಾಗುತ್ತದೋ ಇಲ್ಲವೋ ಎಂದು ಮೊದಲೇ ಅಳೆದು, ಹೇಳಬೇಕೋ ಬೇಡವೋ ಎಂದು ನಾನೇ ತೀರ್ಮಾನಿಸಿದರೆ ಇನ್ನೊಮ್ಮೆ ಅವರ ಪರವಾಗಿ ಒಂದು ಪದ ಒತ್ತಿದಂತೆಯೇ.

ಒಂದು ಭಾನುವಾರ ಹೋದೆ. ಸೊಸೆ ಹೊಲಕ್ಕೆ ಹೋಗಿದ್ದರು. ಆಯಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನೂ ಮೊರದಿಂದ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತ, ಸರ್ವರ್ ಅದು ಇದು ಎನ್ನದೆ, ಹಾಡು ಎರಡು ತಾಸು ಎಲ್ಲರೂ ಕೇಳುವ ಹಾಗೆ ಮೊಬೈಲಿನಲ್ಲಿ ಬಂದುಬಿಟ್ಟಿತ್ತು, ನನ್ನ ತಪ್ಪಿನಿಂದ, ಈಗ ತೆಗೆದಿದ್ದೇನೆ ಎಂದೆ.

ಅವರ ಕೈ ನಿಂತಿತು.

“ಯಾರರ ಕೇಳಿದ್ರೇನು?”

“ಮೂರು ಸಲ ಯಾರೋ ಕೇಳ್ಯಾರ ಆಯಿ. ಯಾರಂತ ಗೊತ್ತಿಲ್ಲ.”

ಅವರು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ನಿಜಕ್ಕೂ ಅರ್ಥವಾಗದವರ ಹಾಗೆ ಕೇಳಿದರು: “ನಾ ಬ್ಯಾಡ ಅಂದಿದ್ದು ನೀ ಬರಕೊಂಡಿದ್ದೆಲ್ಲವಾ?”

ಬರೆದುಕೊಂಡಿದ್ದೆ ಎಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶೇಂಗಾ ಸುಲಿಯತೊಡಗಿದರು. ಮೂರೂವರೆಯ ಬಸ್ಸಿಗೆ ನಾನು ಎದ್ದಾಗ, ಆ ಹಾಡು ಇನ್ನೂ ನನ್ನ ಹತ್ತಿರ ಇದೆಯೇ ಎಂದು ಕೇಳಿದರು. ಇದೆ ಎಂದೆ. ಇರಲಿ ಎಂದಾಗಲಿ, ಅಳಿಸು ಎಂದಾಗಲಿ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನೂ ಹಾಗೆಯೇ ಬರೆದುಕೊಂಡಿದ್ದೇನೆ.